ಫೋನೋ ಪ್ರೀಆಂಪ್‌ಗೆ ಬೆಲೆಯೇ ಅಳತೆಗೋಲೇ?

ಪ್ರಶ್ನೆ: ದುಬಾರಿ ಟರ್ನ್‌ಟೇಬಲ್‌ಗೆ ಫೋನೋ ಪ್ರೀಆಂಪ್ ಕೂಡ ಅಷ್ಟೇ ದುಬಾರಿಯದ್ದು ಬೇಕೆ?

ಉತ್ತರ: ಬೇಕಿಲ್ಲ. ಮೊದಲು ನೋಡಬೇಕಾದ್ದು ಕಾರ್ಟ್ರಿಜ್, ಅಂದರೆ ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ. ಮೂವಿಂಗ್ ಮ್ಯಾಗ್ನೆಟ್ ಬಗೆಯದು ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟ್ ಕೊಡುತ್ತದೆ. ಅದನ್ನು ನೂರು ಪಟ್ಟು, ಅಂದರೆ 40 ಡೆಸಿಬಲ್ ಹಿಗ್ಗಿಸಿದರೆ ಸಾಕು. ಡೆನಾನ್ ಡಿಎಲ್-103ರಂಥ ಮೂವಿಂಗ್ ಕಾಯಿಲ್ ಕೊಡುವುದು ಬರೀ 0.3 ಮಿಲಿವೋಲ್ಟ್. ಇದಕ್ಕೆ ಸುಮಾರು 60 ಡೆಸಿಬಲ್, ಸಾವಿರ ಪಟ್ಟು ಬೇಕು. ಅಷ್ಟು ಹಿಗ್ಗಿಸುವಾಗ ಪ್ರೀಆಂಪ್‌ನ ಒಳಗಿನ ಹಿಸ್ ಸದ್ದೂ ಹಿಗ್ಗುತ್ತದೆ. ಹಾಗಾಗಿ ಹಣ ಹಾಕುವುದಾದರೆ ಕಡಿಮೆ ನಾಯ್ಸ್‌ಗೆ, ಕಾರ್ಟ್ರಿಜ್‌ಗೆ ಹೊಂದುವಂತೆ ಲೋಡ್ (ಇನ್‌ಪುಟ್ ಪ್ರತಿರೋಧ) ಬದಲಿಸುವ ಸ್ವಿಚ್‌ಗಳಿಗೆ ಹಾಕಿ.

ರೆಕಾರ್ಡ್ ಕೆತ್ತುವಾಗ ತಗ್ಗಿಸಿದ ಬಾಸ್, ಏರಿಸಿದ ಟ್ರೆಬಲ್ ಎರಡನ್ನೂ ಮತ್ತೆ ಸರಿಮಾಡುವ ಆರ್‌ಐಎಎ ಈಕ್ವಲೈಸೇಷನ್ ದುಬಾರಿ ಪ್ರೀಆಂಪ್‌ನಲ್ಲಷ್ಟೇ ನಿಖರ ಎನ್ನುವವರಿದ್ದಾರೆ. 20ರಿಂದ 20,000 ಹರ್ಟ್ಸ್ ನಡುವೆ ಸುಮಾರು 39 ಡೆಸಿಬಲ್ ಸರಿದೂಗಿಸುವುದು ನಾಜೂಕಿನ ಕೆಲಸ, ನಿಜ. ಆದರೆ ಆ ನಿಖರತೆ ನಿಂತಿರುವುದು ಕೆಲವೇ ರೆಸಿಸ್ಟರ್, ಕೆಪಾಸಿಟರ್‌ಗಳ ಮೇಲೆ; ಶೇ. 1ರ ನಿಖರತೆಯ ಬಿಡಿಭಾಗಗಳು ಈಗ ಮಧ್ಯಮ ಬೆಲೆಯ ಪ್ರೀಆಂಪ್‌ಗೂ ಎಟುಕುತ್ತವೆ.