ಸಂಧಿವಾತಕ್ಕೆ ಸ್ಕ್ಯಾನ್: ಯಾವಾಗ ಬೇಕು, ಯಾವಾಗ ಬೇಡ?



ಛತ್ರಪತಿ ಸಂಭಾಜಿನಗರದ ಸದಸ್ಯ ಕುಟುಂಬವೊಂದರ ಅರ್ಜಿ ನಾಶಿಕದ ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬಂದಿದೆ. ತಾಯಿಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲಾಗುವುದಿಲ್ಲ. "ಈ ಕಾಯಿಲೆಯಿಂದ ರಕ್ತನಾಳಗಳೂ ಕೆಡುತ್ತವಂತೆ, ಪೆಟ್ ಸ್ಕ್ಯಾನ್ ಮಾಡಿಸಲು ಸಂಘ ನೆರವಾಗಬೇಕು" ಎಂದು ಮಗಳು ಬರೆದಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದವನು, ವೈದ್ಯನಲ್ಲ. ಆದರೆ ಹಣ ಯಾವುದಕ್ಕೆ, ಅದರಿಂದ ಏನಾಗುತ್ತದೆ ಎಂದು ಕೇಳದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಹಾಗಾಗಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗಳ ಆತಂಕ ಸುಳ್ಳಲ್ಲ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಈ ರೋಗದಲ್ಲಿ ರಕ್ತನಾಳದ ಗೋಡೆಗೂ ಉರಿಯೂತ ತಗಲುತ್ತದೆ. ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಎಕ್ಸ್-ರೇಯಲ್ಲಿ ಕಾಣುವುದು ಆಗಿಹೋದ ನಷ್ಟ: ಸವೆದ ಮೂಳೆ, ಕಿರಿದಾದ ಸಂದು. ಡಾಪ್ಲರ್ ಅಲ್ಟ್ರಾಸೌಂಡ್ ಇಂದಿನ ವಹಿವಾಟು ತೋರಿಸುತ್ತದೆ; ಕೆರಳಿದ ಪೊರೆಯಲ್ಲಿ ಹರಿಯುವ ರಕ್ತ ಪರದೆಯ ಮೇಲೆ ಬಣ್ಣವಾಗಿ ಕಾಣುತ್ತದೆ. ಪೆಟ್ ಸ್ಕ್ಯಾನಿಗೆ ಸಕ್ಕರೆಯಂಥ, ವಿಕಿರಣ ಸೂಸುವ ಔಷಧವನ್ನು ನರಕ್ಕೆ ಚುಚ್ಚುತ್ತಾರೆ. ಉರಿಯೂತ ಇರುವಲ್ಲಿ ಜೀವಕೋಶಗಳು ಅದನ್ನು ಹೆಚ್ಚು ಹೀರುತ್ತವೆ. ಕೀಲಿರಲಿ, ಮಹಾಧಮನಿ ಇರಲಿ, ಆ ಜಾಗ ಬೆಳಗುತ್ತದೆ. 110 ನಿಮಿಷಕ್ಕೆ ಆ ಔಷಧದ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಖರ್ಚು ಏಕೆ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣ.

ಈಗ ನಮ್ಮ ನಿಧಿಗೆ ಸಂಬಂಧಿಸಿದ ಮಾತು. ಅಮೆರಿಕದ 'ಟಾರ್ಗೆಟ್' ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್ ಒಂದೇ ಸಾಲದ ರೋಗಿಗಳಲ್ಲಿ ಕೆಲವರಿಗೆ ದುಬಾರಿ ಟಿಎನ್‌ಎಫ್ ಇಂಜೆಕ್ಷನ್, ಉಳಿದವರಿಗೆ ಸಲ್ಫಾಸಲಜಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಸೇರಿಸಿ ಕೊಟ್ಟರು. 24 ವಾರಗಳ ಬಳಿಕ 115 ಜನರ ಪೆಟ್ ಸ್ಕ್ಯಾನ್ ಹೋಲಿಸಿದಾಗ ಎರಡೂ ಗುಂಪಿನಲ್ಲಿ ರಕ್ತನಾಳದ ಉರಿಯೂತ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅಗ್ಗದ ಮಾತ್ರೆ ಹಿಂದೆ ಬಿದ್ದಿರಲಿಲ್ಲ! ನಾರ್ವೆಯಲ್ಲಿ 2016ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ, ಪ್ರತಿ ಭೇಟಿಗೂ ಅಲ್ಟ್ರಾಸೌಂಡ್ ನೋಡಿ ಮದ್ದು ಬದಲಿಸಿದವರಿಗೆ, ವೈದ್ಯರು ಕೈಯಿಂದ ಕೀಲು ಒತ್ತಿ ನೋಡಿ ಚಿಕಿತ್ಸೆ ಕೊಟ್ಟವರಿಗಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಹಾಗೆಂದು ಸ್ಕ್ಯಾನ್ ಬೇಡವೇ ಬೇಡ ಎಂದಲ್ಲ. ಊತ ಇದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಅಲ್ಟ್ರಾಸೌಂಡ್ ಒಳ್ಳೆಯ ಸಾಕ್ಷಿ. ದೊಡ್ಡ ರಕ್ತನಾಳಗಳ ಬೇರೆ ರೋಗದ ಅನುಮಾನವಿದ್ದರೆ ಪೆಟ್ ಸ್ಕ್ಯಾನ್ ಬೇಕಾಗಬಹುದು. ಆದ್ದರಿಂದ ಅರ್ಜಿಯ ಜೊತೆ, ಈ ಸ್ಕ್ಯಾನಿನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ವೈದ್ಯರಿಂದ ಎರಡು ಸಾಲು ಬರೆಸಿ ತನ್ನಿ. ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ವಾರಕ್ಕೊಮ್ಮೆ ಮಾತ್ರ. ಅಪ್ಪಿತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಆಗಾಗ ಆಗಲೇಬೇಕು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಕೂಡ ನೋಡಿಸಿಕೊಳ್ಳಿ. ಬೀಡಿ, ಮಿಶ್ರಿ ಬಿಡಿ.

ಮಗಳೊಂದಿಗೆ ಫೋನಿನಲ್ಲಿ ಮಾತಾಡಿದೆ. ವೈದ್ಯರು ಸ್ಕ್ಯಾನ್ ಬರೆದಿರಲಿಲ್ಲ, ಯಾರೋ ಹೇಳಿದ್ದರು. ಮಾತ್ರೆ ಮಾತ್ರ ಹಣವಿಲ್ಲದೆ ಎರಡು ತಿಂಗಳಿಂದ ನಿಂತಿತ್ತು. ಮೊದಲ ಮೂರು ತಿಂಗಳ ಮಾತ್ರೆ, ರಕ್ತಪರೀಕ್ಷೆಯ ಖರ್ಚನ್ನು ಸಮಿತಿ ಮಂಜೂರು ಮಾಡಿದೆ. ಉಳಿದ ಒಂಬತ್ತು ತಿಂಗಳ ಹೊಣೆ ಹೊರುವ ದಾನಿಗಳು ದಯವಿಟ್ಟು ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.