ಹಳಗನ್ನಡದ ತರಗತಿಯಲ್ಲಿ ಹುಡುಕುವ ಯಂತ್ರ

ಹಳಗನ್ನಡ ಕಲಿಸುವವರ ಕಿವಿಗೆ ಈಗ ಎರಡು ಬಗೆಯ ಮಾತುಗಳು ಮೇಲಿಂದ ಮೇಲೆ ಬೀಳುತ್ತವೆ. ಗಣಕಯಂತ್ರ ಬಂದಮೇಲೆ ಪದಕೋಶ, ವ್ಯಾಕರಣಗಳನ್ನು ಹಿಡಿದು ಕೂತ ಮೇಷ್ಟರ ಕೆಲಸ ಮುಗಿಯಿತು ಎನ್ನುವವರು ಒಂದು ಕಡೆ. ಆ ಯಂತ್ರವನ್ನು ತರಗತಿಯ ಹೊಸ್ತಿಲು ದಾಟಲು ಬಿಟ್ಟರೆ ಪಾಂಡಿತ್ಯಕ್ಕೆ ತಿಲಾಂಜಲಿಯಿತ್ತಂತೆ ಎನ್ನುವವರು ಇನ್ನೊಂದು ಕಡೆ. ಎಂ.ಎ. ತರಗತಿಗಳಿಗೆ ಪಂಪನನ್ನೂ ವಚನಕಾರರನ್ನೂ ಪಾಠ ಹೇಳುತ್ತ ಬಂದ ನನಗೆ ಈ ಎರಡು ಮಾತುಗಳೂ ಯಂತ್ರವನ್ನು ಹತ್ತಿರದಿಂದ ನೋಡದವರ ಮಾತುಗಳಾಗಿ ತೋರುತ್ತವೆ. ನಾನು ಕಂಡ ಸಂಗತಿ ಬೇರೆ. ಪದವನ್ನು ಹುಡುಕಿಕೊಡುವ ಯಂತ್ರ ಬಂದಮೇಲೆ ನನ್ನ ತರಗತಿಯಲ್ಲಿ ವ್ಯಾಕರಣದ ಅಗತ್ಯ ಹೆಚ್ಚಿದೆ. ಅದು ಹೇಗೆಂಬುದನ್ನು ವಾಚಕರ ಮುಂದೆ ಇಡುತ್ತೇನೆ.

ಒಂದು ಪದ ಯಾವ ಕವಿಯಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಬೇಕಾದರೆ ಹಿಂದಿನ ವಿದ್ವಾಂಸರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಓದುತ್ತ ಹೋಗಬೇಕು, ಚೀಟಿ ಬರೆಯಬೇಕು, ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ೮ ಸಂಪುಟಗಳು ೧೯೭೦ರಿಂದ ೧೯೯೫ರವರೆಗೆ ಹೊರಬಂದುವು. ಅವುಗಳ ಒಂದೊಂದು ಪುಟದ ಹಿಂದೆಯೂ ಇಂಥ ಶ್ರಮವಿದೆ. ಚೀಟಿಗಳ ಪೆಟ್ಟಿಗೆ ಯಾರ ಬಳಿ ಇದೆಯೋ ಅವರ ಮಾತೇ ಪ್ರಮಾಣ. ವಿದ್ಯಾರ್ಥಿಗೆ ಉಳಿದದ್ದು ಆ ಮಾತನ್ನು ಕೇಳಿ ಬರೆದುಕೊಳ್ಳುವುದು.

ಈ ಚೀಟಿಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೆಂದು ಮೊದಮೊದಲು ಯೋಚಿಸಿದವರಲ್ಲಿ ರೊಬೆರ್ತೊ ಬೂಸಾ ಎಂಬ ಇಟಲಿಯ ಪಾದ್ರಿ ಒಬ್ಬರು. ೧೩ನೆಯ ಶತಮಾನದ ಥಾಮಸ್ ಅಕ್ವಿನಾಸನ ಲ್ಯಾಟಿನ್ ಗ್ರಂಥಗಳಲ್ಲಿ ‘ಸಾನ್ನಿಧ್ಯ’ವೆಂಬ ಭಾವನೆಯನ್ನು ಅರಸುತ್ತಿದ್ದ ಅವರಿಗೆ, ಅದರ ಗುಟ್ಟೆಲ್ಲ ‘ಇನ್’ ಎಂಬ ಪುಟ್ಟ ಅವ್ಯಯದಲ್ಲಿ ಅಡಗಿದೆಯೆಂದು ಹೊಳೆಯಿತು. ಆ ಒಂದು ಪದಕ್ಕಾಗಿ ಸುಮಾರು ೧೦,೦೦೦ ಚೀಟಿಗಳನ್ನು ಕೈಯಿಂದಲೇ ಬರೆದರು. ೧೯೪೯ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಕಂಪನಿಯ ನೆರವು ಪಡೆದರು. ಕೆಲಸ ಮುಗಿಯಲು ಸುಮಾರು ೩೦ ವರ್ಷಗಳೇ ಹಿಡಿದುವು. ಪದಸೂಚಿ ೫೬ ಸಂಪುಟಗಳಾಗಿ ಅಚ್ಚಾಯಿತು. ಯಂತ್ರವಿದ್ದೂ ಇಷ್ಟು ಕಾಲವೇಕೆ? ಯಂತ್ರಕ್ಕೆ ಅಕ್ಷರಗಳ ಸಾಲು ಗೊತ್ತೇ ಹೊರತು ಪದ ಗೊತ್ತಿಲ್ಲ. ‘ಹೇಳಿದನು’, ‘ಹೇಳುವನು’, ‘ಹೇಳೆ’ ಎಂಬುವು ಒಂದೇ ಧಾತುವಿನ ರೂಪಗಳೆಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಲ್ಯಾಟಿನ್ನಿನ ಇಂಥ ರೂಪಗಳನ್ನೆಲ್ಲ ಬೂಸಾ ಮತ್ತು ಅವರ ಜೊತೆಗಾರರು ಕೂತು ವಿಂಗಡಿಸಬೇಕಾಯಿತು.

ಕನ್ನಡದಲ್ಲಿ ಈ ಅನುಕೂಲ ತಡವಾಗಿ ಬಂದಿತು. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ, ಅನೇಕ ವರ್ಷ ನಮ್ಮ ಪುಸ್ತಕಗಳು ಬಗೆಬಗೆಯ ಲಿಪಿ ತಂತ್ರಾಂಶಗಳಲ್ಲಿ ಅಚ್ಚಾಗುತ್ತಿದ್ದುವು. ಒಂದರಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ! ಆ ತೊಡಕು ಕ್ರಮೇಣ ತಗ್ಗಿದಂತೆ ಹುಡುಕಾಟಕ್ಕೆ ದಾರಿಯಾಯಿತು. ಪ್ರೊ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೫ ಸಂಪುಟಗಳಾಗಿ ಬಂದ ಸಮಗ್ರ ವಚನ ಸಂಪುಟದ ೨೦,೦೦೦ಕ್ಕೂ ಮೀರಿದ ವಚನಗಳನ್ನು ‘ವಚನ ಸಂಚಯ’ವೆಂಬ ಯೋಜನೆ ಪದ ಹಿಡಿದು ಹುಡುಕುವಂತೆ ಮಾಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ೨೦೧೬ರಿಂದ ನಿಘಂಟುಗಳನ್ನು ಒಂದೆಡೆ ತಂದಿತು. ವರ್ಷಗಟ್ಟಲೆ ಕೂಡಿಸಿದ ಚೀಟಿಗಳ ಪೆಟ್ಟಿಗೆ ವಿದ್ಯಾರ್ಥಿಯ ಅಂಗೈಗೆ ಇಳಿಯಿತು.

ಇಳಿದ ಮೇಲೆ ಏನಾಯಿತು? ಪಂಪನ ಕಾವ್ಯದಲ್ಲಿ ಹೂವಿನ ಪ್ರಸ್ತಾಪ ಎಲ್ಲೆಲ್ಲಿ ಬಂದಿದೆಯೆಂದು ನೋಡಿಕೊಂಡು ಬರಲು ಒಮ್ಮೆ ತರಗತಿಗೆ ಹೇಳಿದ್ದೆ. ಮರುದಿನ ಒಬ್ಬ ಹುಡುಗ ಎದ್ದುನಿಂತು, “ಪಂಪನಲ್ಲಿ ಹೂವೇ ಇಲ್ಲ ಸಾರ್!” ಎಂದ. ಬನವಾಸಿಯನ್ನು ಹಾಗೆ ಹಾಡಿದ ಕವಿಯಲ್ಲಿ ಹೂವಿಲ್ಲವೆ! ತರಗತಿಯೆಲ್ಲ ನಕ್ಕಿತು. ಅವನು ‘ಹೂವು’ ಎಂದು ಹುಡುಕಿದ್ದ. ಯಂತ್ರ ‘ಇಲ್ಲ’ ಎಂದಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು, “ಪೂ ಅಂತ ಹುಡುಕಬೇಕು ಕಣೋ” ಎಂದಳು. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂಬ ಸೂತ್ರವನ್ನು ಆ ಮಕ್ಕಳು ಪರೀಕ್ಷೆಗಾಗಿ ಎಷ್ಟು ಸಲ ಬರೆದಿದ್ದರೋ! ಅದು ಏತಕ್ಕೆ ಬೇಕೆಂದು ತಿಳಿದದ್ದು ಅಂದು. ‘ಪೂ’ ಎಂದು ಹುಡುಕಿದರೆ ಇನ್ನೊಂದು ಪೇಚು: ಪೂಜೆ, ಪೂರ್ವ, ಪೂರ್ಣಗಳೆಲ್ಲ ಹಿಂಡುಹಿಂಡಾಗಿ ಬಂದುವು. ಬೇಕಾದ್ದನ್ನು ಹೇರಿ ತೆಗೆಯುವ ಕೆಲಸ ಯಂತ್ರದ್ದಾಗಲಿಲ್ಲ, ಓದುಗನದಾಯಿತು.

ಸಂಧಿಯ ವಿಚಾರವಂತೂ ಇನ್ನೂ ಸ್ವಾರಸ್ಯವಾದುದು. ‘ಪನಿ’ ಎಂದು ಹುಡುಕಿದವನಿಗೆ ‘ಕಂಬನಿ’ ಸಿಕ್ಕುವುದಿಲ್ಲ. ‘ಕಾಲ’ ಎಂದವನಿಗೆ ‘ಮಳೆಗಾಲ’, ‘ತಾವರೆ’ ಎಂದವನಿಗೆ ‘ಬೆಟ್ಟದಾವರೆ’, ‘ಪೊನಲ್’ ಎಂದವನಿಗೆ ‘ನೀರ್ವೊನಲ್’ ಕಣ್ಮರೆಯಾಗಿಯೇ ಉಳಿಯುತ್ತವೆ. ಕ, ತ, ಪಗಳು ಎಲ್ಲಿ ಗ, ದ, ಬಗಳಾಗುತ್ತವೆ, ಪಕಾರ ಎಲ್ಲಿ ವಕಾರವಾಗುತ್ತದೆ ಎಂದು ಬಲ್ಲವನು ನಾಲ್ಕು ರೂಪಗಳನ್ನು ಊಹಿಸಿ ನಾಲ್ಕು ಸಲ ಬಲೆ ಬೀಸುತ್ತಾನೆ. ಅರಿಯದವನು ಒಂದು ಸಲ ಬೀಸಿ, ಕೆರೆಯಲ್ಲಿ ಮೀನಿಲ್ಲವೆಂದು ಹಿಂತಿರುಗುತ್ತಾನೆ. ಆದೇಶಸಂಧಿಯನ್ನು ಇಷ್ಟು ಆಸಕ್ತಿಯಿಂದ ಕಲಿತ ವಿದ್ಯಾರ್ಥಿಗಳನ್ನು ನಾನು ಹಿಂದೆ ಕಂಡಿರಲಿಲ್ಲ.

ವಚನಗಳಿಗೆ ಬಂದರೆ ಮತ್ತೊಂದು ಬಗೆಯ ಪಾಠ. ‘ಕಾಯಕ’ ಎಂಬ ಪದವನ್ನು ಯಾವ ವಚನಕಾರರು ಯಾವ ಅರ್ಥದಲ್ಲಿ ಬಳಸಿದ್ದಾರೆಂದು ನೋಡಲು ಹೊರಟರೆ, ಬರಿಯ ಅಕ್ಷರಗಳನ್ನು ಹೊಂದಿಸುವ ಹುಡುಕಾಟ ‘ಕಾಯಕ್ಕೆ’ ಎಂಬುದನ್ನೂ ತಂದು ರಾಶಿಗೆ ಹಾಕುತ್ತದೆ. ನಮ್ಮ ಕಣ್ಣಿಗೆ ‘ಕ್ಕೆ’ ಒಂದೇ ಅಕ್ಷರ. ಯಂತ್ರದ ಒಳಗೆ ಅದು ಕ, ಹಲಂತದ ಗುರುತು, ಮತ್ತೊಂದು ಕ, ಎತ್ವ ಎಂಬ ನಾಲ್ಕು ತುಣುಕು. ಹೀಗಾಗಿ ದುಡಿಮೆಯ ಲೆಕ್ಕದಲ್ಲಿ ದೇಹವೂ ಸೇರಿಬಿಡುತ್ತದೆ. ಯಂತ್ರ ಕೊಟ್ಟ ಸಂಖ್ಯೆಯನ್ನು ಹಾಗೆಯೇ ನಂಬಿ ಪ್ರಬಂಧ ಬರೆದವನ ಗತಿಯೇನು? ಆದ್ದರಿಂದ ನನ್ನ ತರಗತಿಯಲ್ಲಿ ಒಂದು ಕಟ್ಟಳೆಯಿದೆ. ನೋಟುಪುಸ್ತಕದಲ್ಲಿ ಮೂರು ಮನೆ ಹಾಕಬೇಕು: ಯಂತ್ರ ಕೊಟ್ಟ ರೂಪ ಮೊದಲನೆಯದರಲ್ಲಿ, ಅದನ್ನು ಬಿಡಿಸಿದ ಬಗೆ ಎರಡನೆಯದರಲ್ಲಿ, ಆ ಸಂದರ್ಭದಲ್ಲಿ ಅದರ ಅರ್ಥ ಮೂರನೆಯದರಲ್ಲಿ. ಮೊದಲನೆಯ ಮನೆ ಕ್ಷಣದಲ್ಲಿ ತುಂಬುತ್ತದೆ; ಮೂರನೆಯದು ತುಂಬಲು ವಚನವನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು.

ಅಚ್ಚಿನಲ್ಲಿ ಮರೆಯಾಗುತ್ತ ಬಂದ ಱ, ೞ ಅಕ್ಷರಗಳ ಕಥೆಯನ್ನೂ ಹೇಳಬೇಕು. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಶತ್ರು. ‘ಅೞಿ’ ಎಂದರೆ ನಾಶವಾಗು. ‘ಅಳಿ’ ಎಂದರೆ ದುಂಬಿ. ಬೆರಳಚ್ಚು ಮಾಡುವವರು ಸುಲಭಕ್ಕೆಂದು ಎಲ್ಲವನ್ನೂ ರ, ಳ ಎಂದು ಒತ್ತಿದರೆ, ತಿಳಿವಿಗೂ ಹಗೆಗೂ ಭೇದವಳಿಯುತ್ತದೆ. ಎರಡು ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನವಿರುವುದೇನೋ ನಿಜ. ಆದರೆ ೞಕಾರವನ್ನು ಅಲ್ಲಿ ‘ಫ’ ಎಂಬರ್ಥದ ಹೆಸರಿನಿಂದ ದಾಖಲು ಮಾಡಿದ್ದಾರೆ! ತಪ್ಪೆಂದು ಟಿಪ್ಪಣಿ ಹಾಕಿಕೊಂಡಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಕೇಶಿರಾಜ ೧೩ನೆಯ ಶತಮಾನದಲ್ಲಿಯೇ ಅಷ್ಟು ಎಚ್ಚರದಿಂದ ವಿವೇಚಿಸಿದ ಅಕ್ಷರಕ್ಕೆ ಬಂದ ಗತಿ ಇದು. ನಮ್ಮ ಅಕ್ಷರದ ಹೆಸರನ್ನು ನಾವೇ ಬಲ್ಲವರಾಗಿ ಉಳಿಯದಿದ್ದರೆ ಬೇರೆ ಯಾರು ತಿದ್ದಿಯಾರು?

ಇಷ್ಟೆಲ್ಲ ತೊಡಕಿರುವಾಗ ಈ ಗೊಡವೆಯೇ ಏಕೆ ಎಂದು ಕೇಳಬಹುದು. ನನಗೆ ಮುಖ್ಯವಾಗಿ ತೋರುವ ಕಾರಣ ಒಂದು. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ದೊಡ್ಡ ಗ್ರಂಥಾಲಯ ದೂರ. ಮನೆಯಲ್ಲಿ ಪುಸ್ತಕಗಳ ಕಪಾಟಿಲ್ಲ. ಹಿಂದೆ ಆಕೆ ಅಧ್ಯಾಪಕರ ಟಿಪ್ಪಣಿಗೋ ಪೇಟೆಯ ಗೈಡಿಗೋ ಶರಣಾಗಬೇಕಾಗಿತ್ತು. ಇಂದು ನನ್ನಂಥವನೊಬ್ಬ, “ಈ ಪದಕ್ಕೆ ಇದೇ ಅರ್ಥ” ಎಂದಾಗ, ಅದೇ ಸಂಜೆ ಆಕೆ ಹತ್ತು ಪ್ರಯೋಗಗಳನ್ನು ಮುಂದಿಟ್ಟುಕೊಂಡು, “ಇಲ್ಲಿ ಹೊಂದುವುದಿಲ್ಲವಲ್ಲ ಸಾರ್” ಎನ್ನಬಲ್ಲಳು. ನನ್ನ ತರಗತಿಯಲ್ಲಿ ಈ ಮಾತು ಬಂದ ದಿನ ಪಾಠ ನಿಂತು ಚರ್ಚೆ ನಡೆದಿದೆ. ವಿಶ್ವವಿದ್ಯಾನಿಲಯವೆಂಬುದು ಇರುವುದೇ ಆ ಚರ್ಚೆಗಾಗಿ.

೨೦೨೨ರ ಕೊನೆಯಿಂದ ಇನ್ನೊಂದು ಬಗೆಯ ಯಂತ್ರವೂ ವಿದ್ಯಾರ್ಥಿಗಳ ಕೈಗೆ ಬಂದಿದೆ. ಅದು ಹುಡುಕಿಕೊಡುವುದಲ್ಲದೆ ಉತ್ತರವನ್ನೇ ಬರೆದುಕೊಡುತ್ತದೆ. ಕಂದಪದ್ಯಕ್ಕೆ ಭಾವಾರ್ಥ ಕೇಳಿದರೆ ತಡವರಿಸದೆ ಹೇಳುತ್ತದೆ. ತಪ್ಪು ಹೇಳುವಾಗಲೂ ಅದರ ಧ್ವನಿಯಲ್ಲಿ ಅಳುಕಿಲ್ಲ. ಅದನ್ನು ನಿಷೇಧಿಸುವುದರಿಂದ ಫಲವಿಲ್ಲವೆಂದು ನನ್ನ ನಂಬಿಕೆ. ಯಾರು ಹೇಳಿದ ಅರ್ಥವೇ ಆಗಲಿ, ಯಾವ ಮುದ್ರಣ, ಯಾವ ಆಶ್ವಾಸ, ಎಷ್ಟನೆಯ ಪದ್ಯವೆಂದು ತೋರಿಸದಿದ್ದರೆ ಅಂಕವಿಲ್ಲ ಎಂದಿದ್ದೇನೆ. ಈ ನಿಯಮ ನನಗೂ ಅನ್ವಯಿಸುತ್ತದೆ.

ಲಾಭದ ಜೊತೆಗೆ ನಷ್ಟವನ್ನೂ ಎಣಿಸಬೇಕು. ಹೀಗೆ ಕಲಿಸಿದರೆ ಓದಿ ಮುಗಿಸುವ ಪದ್ಯಗಳು ಕಡಮೆಯಾಗುತ್ತವೆ. ಗಟ್ಟಿಯಾಗಿ ವಾಚಿಸಿದಾಗಲೇ ತಿಳಿಯುವ ಕಂದದ ನಡೆ, ಉಸಿರಿನ ತಾಣ, ಇವು ಯಾವ ಪರದೆಯ ಮೇಲೂ ಮೂಡವು. ಆದಕಾರಣ ತರಗತಿಯ ಮೊದಲ ಕಾಲು ಗಂಟೆ ಫೋನುಗಳೆಲ್ಲ ಚೀಲದೊಳಗಿರುತ್ತವೆ, ವಾಚನ ನಡೆಯುತ್ತದೆ. ಹಳೆಯ ಪುಸ್ತಕಗಳ ಚಿತ್ರದಿಂದ ಯಂತ್ರವೇ ಅಕ್ಷರಗಳನ್ನು ಓದಿಕೊಂಡ ಪಠ್ಯಗಳಲ್ಲಿ ಪ, ಷ, ವಗಳು ಅದಲುಬದಲಾಗಿರುವುದೂ ಉಂಟು. ಅಚ್ಚಾದ ಒಳ್ಳೆಯ ಆವೃತ್ತಿಯೊಡನೆ ಹೋಲಿಸದೆ ಅವನ್ನು ನಂಬುವಂತಿಲ್ಲ.

ಈ ಹೋಲಿಕೆಯ ಕೆಲಸವನ್ನೇ ನಮ್ಮ ಕನ್ನಡ ವಿಭಾಗಗಳು ಪಾಠದ ಅಂಗವಾಗಿ ಮಾಡಿಕೊಳ್ಳಬಾರದೇಕೆ? ಕನ್ನಡ ವಿಕಿಸೋರ್ಸಿನಂಥ ತೆರೆದ ತಾಣಗಳಲ್ಲಿ ಪಠ್ಯವನ್ನು ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ. ಎಂ.ಎ. ಓದುವ ಒಂದೊಂದು ತಂಡವೂ ಒಂದೊಂದು ಆಶ್ವಾಸವನ್ನು ಅಕ್ಷರ ಬಿಡದೆ ತಿದ್ದಿಕೊಟ್ಟು ಹೋದರೆ, ಹತ್ತು ವರ್ಷಗಳಲ್ಲಿ ಹಳೆಯ ಕಾವ್ಯಗಳ ನಂಬತಕ್ಕ ಪಾಠಗಳು ನಾಡಿನ ಎಲ್ಲ ವಿದ್ಯಾರ್ಥಿಗಳಿಗೂ ದೊರೆತಾವು. ಪರೀಕ್ಷೆಯ ಉತ್ತರಪತ್ರಿಕೆಗಳು ರದ್ದಿಗೆ ಹೋಗುತ್ತವೆ. ತಿದ್ದಿದ ಪದ್ಯ ಮುಂದಿನ ತರಗತಿಯ ಹುಡುಗನಿಗೆ ಉಳಿಯುತ್ತದೆ. ಒಂದು ೞಕಾರವನ್ನು ಅದರ ಸ್ಥಾನದಲ್ಲಿ ಕೂರಿಸಿದವನು ಆ ಪದವನ್ನು ಆಮೇಲೆ ಮರೆಯುವುದಿಲ್ಲ.