ಪೂಜೆ ಬಲ್ಲ ಗುರುವಿಗೆ ಮಾತೇ ಪರೀಕ್ಷೆ
ಕರಾವಳಿಯಿಂದ ಜರ್ಮನಿಗೆ ತೆರಳುವ ಧರ್ಮಗುರುಗಳ ಭಾಷಾ ಸಾಹಸ

ಶನಿವಾರ ರಾತ್ರಿ ಬೀಗ ಹಾಕಿದ ಇಗರ್ಜಿಯೊಳಗೆ ಒಬ್ಬರೇ ನಿಂತು, ಖಾಲಿ ಬೆಂಚುಗಳಿಗೆ ಪ್ರವಚನ ಓದಿ ಹೇಳುವುದು ಜರ್ಮನಿಯಲ್ಲಿ ಸೇವೆಗಿಳಿದ ಅನೇಕ ಭಾರತೀಯ ಧರ್ಮಗುರುಗಳ ಮೊದಲ ವರ್ಷದ ದಿನಚರಿ. ಊರಿನಲ್ಲಿ ಚೀಟಿಯೂ ಇಲ್ಲದೆ ಅರ್ಧ ತಾಸು ಮಾತನಾಡಿದವರು ಅಲ್ಲಿ ಹತ್ತು ನಿಮಿಷದ ಪ್ರವಚನಕ್ಕೆ ವಾರವಿಡೀ ಬೆವರು ಹರಿಸುತ್ತಾರೆ.

ಜರ್ಮನಿಯಲ್ಲಿ ಗುರುದೀಕ್ಷೆ ಪಡೆಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದು, ಅಲ್ಲಿನ ಧರ್ಮಪ್ರಾಂತಗಳು ಭಾರತದತ್ತ ನೋಡುತ್ತಿವೆ. ಹಾಗೆ ತೆರಳುವವರಲ್ಲಿ ಕೇರಳದವರೇ ಅಧಿಕವಾದರೂ ಮಂಗಳೂರು ಕಡೆಯವರೂ ಇದ್ದಾರೆ. ಒಬ್ಬರಿಗೆ ಮೂರು ನಾಲ್ಕು ಹಳ್ಳಿಗಳ ಹೊಣೆ. ಹಿಮ ಸರಿಸಿ ಕಾರು ಹೊರಡಿಸಿ, ಬೆಳಿಗ್ಗೆ ಒಂದೂರಲ್ಲಿ ಪೂಜೆ ಮುಗಿಸಿ ಮತ್ತೊಂದಕ್ಕೆ ಓಡಬೇಕು. 2022ರ ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಕಥೊಲಿಕರು ಅಲ್ಲಿ ಸಭೆ ತೊರೆದಿದ್ದಾರೆ. ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ವೃದ್ಧರು.

ಭಾಷೆಯ ಅಭ್ಯಾಸ ಕೆಲವರಿಗೆ ಇಲ್ಲಿಂದಲೇ ಆರಂಭ. ಮುಂಬಯಿಯ ಕಾಳಾ ಘೋಡಾದಲ್ಲಿರುವ ಮ್ಯಾಕ್ಸ್‌ಮುಲ್ಲರ್ ಭವನದಂಥ ಕಡೆ ಮೊದಲ ಹಂತ ದಾಟಿದವರಿಗೂ ಅಲ್ಲಿ ಇಳಿದ ಮೇಲೆ ಕಿವಿ ಮಂದವಾದಂತೆ. ತರಗತಿಯ ಜರ್ಮನ್ ಒಂದು, ಬವೇರಿಯಾದ ರೈತನ ಬಾಯಿಯ ಜರ್ಮನ್ ಇನ್ನೊಂದು. 'ಕಿರ್ಖೆ' ಎಂದರೆ ಇಗರ್ಜಿ, 'ಕಿರ್ಷೆ' ಎಂದರೆ ಚೆರಿ ಹಣ್ಣು. ಮೊದಲನೆಯದರ ನಡುವಿನ ಧ್ವನಿ ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂರುವುದೇ ಇಲ್ಲ. ನಾಲಗೆ ತುಸು ಜಾರಿದರೆ ಗುರುಗಳು ಪೀಠದಿಂದ ಪವಿತ್ರ ಚೆರಿ ಹಣ್ಣಿನ ಬಗ್ಗೆ ಉಪದೇಶಿಸಿದಂತೆಯೇ!

ಗೀತೆಗಳ ಸಂಖ್ಯೆ ಸಾರುವುದೂ ಪೇಚಿನ ಕೆಲಸ. ಜರ್ಮನರು ನಲವತ್ತೆರಡನ್ನು 'ಎರಡು ಮತ್ತು ನಲವತ್ತು' ಎನ್ನುತ್ತಾರೆ. ಮರಾಠಿಯ 'ಬೇಚಾಳೀಸ್' ಬಲ್ಲ ಮುಂಬಯಿಗರಿಗೆ ಇದು ಅಷ್ಟು ಕಷ್ಟವಾಗಲಾರದು. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕ ಎಂಬ ಅಲ್ಲಿನ ವ್ಯಾಕರಣಕ್ಕೆ ನಗು ಬರಬಹುದು. ಆದರೆ ಹುಡುಗಿಯನ್ನು 'ಅದು' ಎನ್ನುವ ರೂಢಿ ನಮ್ಮ ಕರಾವಳಿಯ ಮನೆಮಾತಿನಲ್ಲೂ ಉಂಟಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬೀಳುವುದಂತೂ ಕನ್ನಡಿಗನಿಗೆ ಹುಟ್ಟಿನಿಂದಲೇ ಬಂದ ಅಭ್ಯಾಸ.

ಪೂಜೆಯ ಪ್ರಾರ್ಥನೆಗಳಿಗೆ ಪುಸ್ತಕದ ಆಸರೆಯಿದೆ, ಕ್ರಮ ಎಲ್ಲೆಡೆ ಒಂದೇ. ನಿಜವಾದ ಪರೀಕ್ಷೆ ಸಾವಿನ ಮನೆಯಲ್ಲಿ. ಶವಸಂಸ್ಕಾರಕ್ಕೆ ಮುಂಚೆ ಗುರುಗಳು ಮೃತರ ಕುಟುಂಬದೊಂದಿಗೆ ಕುಳಿತು, ಹೋದವರ ಬದುಕನ್ನು ಕೇಳಿ ತಿಳಿದು, ಅದನ್ನು ಪ್ರವಚನದಲ್ಲಿ ನೆನೆಯುವುದು ಅಲ್ಲಿನ ವಾಡಿಕೆ. ಅಳುತ್ತಾ, ಆಡುಮಾತಿನಲ್ಲಿ ಹೇಳುವ ಅಜ್ಜಿಗೆ 'ಇನ್ನೊಮ್ಮೆ ಹೇಳಿ' ಎನ್ನಲು ಮನಸ್ಸಾಗದು. ಎನ್ನದಿದ್ದರೆ ಮರುದಿನ ಸಮಾಧಿಯ ಮುಂದೆ ತಪ್ಪಾದೀತು. ಇನ್ನು ಅಭಿನಂದನೆಗೂ ಸಂತಾಪಕ್ಕೂ ಜರ್ಮನರು ಮುಂಚೆ ಹಚ್ಚುವುದು 'ಹೆರ್ಟ್ಸ್‌ಲಿಖ್' ಎಂಬ ಹೃತ್ಪೂರ್ವಕದ ಒಂದೇ ಪದ. ಮುಂದಿನ ಪದ ಗಾಬರಿಯಲ್ಲಿ ಅದಲು ಬದಲಾದರೆ ಕ್ಷಮೆ ಕೇಳುವುದಕ್ಕೂ ಭಾಷೆ ಬೇಕು.

ಪಾಪನಿವೇದನೆಯ ಪೀಠದಲ್ಲೂ ಅದೇ ಇಕ್ಕಟ್ಟು. ನಿವೃತ್ತ ಶಿಕ್ಷಕಿಯೋ, ಧರ್ಮಕೇಂದ್ರದ ಕಚೇರಿ ನೋಡಿಕೊಳ್ಳುವಾಕೆಯೋ ಪ್ರವಚನದ ಕರಡನ್ನು ತಿದ್ದಿಕೊಡಬಹುದು. ಆದರೆ ಪಾಪನಿವೇದನೆಗೆ ದುಭಾಷಿಯನ್ನು ಕರೆತರುವುದು ಸುಲಭವಲ್ಲ.

ಇದೇ ದಾರಿಯಲ್ಲಿ ಒಮ್ಮೆ ಎದುರುಗಡೆಯಿಂದ ಬಂದವರಿದ್ದಾರೆ. ಅವರ ಪಂಥ ಬೇರೆ, ಪಾಡು ಇದೇ. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದಾಗ ಅವರಿಗೆ ಕನ್ನಡವೂ ತಿಳಿಯದು, ತುಳುವೂ ತಿಳಿಯದು. ಹೆಬಿಕ್ ಕೊನೆಯವರೆಗೂ ದುಭಾಷಿಗಳನ್ನೇ ನೆಚ್ಚಿಕೊಂಡವರು. ಅವರ ಹಿಂದೆಯೇ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ಅಂದರೆ 41 ವರ್ಷಗಳ ನಂತರ.

ಇಂದಿನ ಗುರುಗಳಿಗೆ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ಒಂದೆರಡು ವರ್ಷಗಳಲ್ಲಿ ಮಾತು ಹಿಡಿತಕ್ಕೆ ಬರಬೇಕು. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೈಕುಲುಕುವಾಗ ಹಿರಿಯರೊಬ್ಬರು ಹವಾಮಾನ ಬಿಟ್ಟು ಮೊಣಕಾಲು ನೋವಿನ ಕತೆ ಆರಂಭಿಸಿದರೆ, ಅಂದಿನ ಪ್ರವಚನ ಅರ್ಥವಾಗಿದೆ ಎಂದು ಗುರುಗಳು ಒಳಗೊಳಗೇ ಉಸಿರು ಬಿಡುತ್ತಾರೆ.